ಲಾಡಿ ಹಾಕಿದ ಎದೆಕಟ್ಟು

ಸಿಂಚನಾ, ಧನುಷ್,

ಹೋದ ರಜೆಯಲ್ಲಿ ನೀವಿಬ್ಬರೂ ಮಹಡಿಯ ಮೇಲೆ ಹಳೆಯ ಪೇಪರ್ ಹಾಸಿಕೊಂಡು ಕೂತಿದ್ದಿರಿ. ಕಾಲೇಜಿನ ವೇಷದ ಸ್ಪರ್ಧೆಗೆ ಯೋಧನ ಕವಚ ಮಾಡುತ್ತೇವೆ ಎಂದು ಅಂಗಡಿಯಿಂದ ತಂದ ರಟ್ಟಿನ ತುಂಡುಗಳನ್ನು ಮಡಿಸಿ ಅಂಟಿಸುತ್ತಿದ್ದಿರಿ. ನಾನು ಒಣಗಿದ ಬಟ್ಟೆ ತೆಗೆಯಲು ಮೇಲೆ ಬಂದೆ. ಆಗಲೇ ಧನುಷ್ ಒಂದು ಡಬ್ಬಿಯಿಂದ ಜೇನುತುಪ್ಪದ ಬಣ್ಣದ ಅಂಟನ್ನು ಲೋಟಕ್ಕೆ ಬಗ್ಗಿಸಿ, ಇನ್ನೊಂದು ಸಣ್ಣ ಬಾಟಲಿಯಿಂದ ಹನಿ ಹನಿ ಹಾಕಿ ಕಡ್ಡಿಯಿಂದ ಕಲಕಿದ. ಮೂಗಿಗೆ ಚುಚ್ಚುವ ವಾಸನೆ ಎದ್ದಿತು. ನಾನು ಕೈಯಲ್ಲಿ ಬಟ್ಟೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. "ಅಜ್ಜಿ, ಕೆಳಗೆ ಹೋಗು, ತಲೆ ನೋಯುತ್ತೆ" ಎಂದಳು ಸಿಂಚನಾ.

ನನಗೆ ತಲೆ ನೋಯಲಿಲ್ಲ. ಅದು ರೆಸಿನ್ ವಾಸನೆ. ಹಿರಿಯೂರಿನಲ್ಲಿ ನಾವಿದ್ದ ಓಣಿಯ ವಾಸನೆ. ಅಂದು ನಿಮಗೆ ಹೇಳಬೇಕೆಂದುಕೊಂಡೆ, ಬಾಯಿ ಬರಲಿಲ್ಲ. ನಿಮಗೆ ಗೊತ್ತಿರುವಂತೆ ನನಗೆ ನಾಲ್ಕು ಜನರ ಮುಂದೆ ಮಾತು ಬರುವುದಿಲ್ಲ, ಮೊಮ್ಮಕ್ಕಳ ಮುಂದೆಯೂ ಅಷ್ಟೇ. ಬರೆಯುವುದಾದರೆ ನಿಧಾನವಾಗಿ ಬರೆಯಬಲ್ಲೆ. ಅದಕ್ಕೇ ಕೂತಿದ್ದೇನೆ.

ನಾನು ಹೊಳಲ್ಕೆರೆ ಕಡೆಯ ಹಳ್ಳಿಯವಳು. ಊರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದೆ. ಮದುವೆಯಾಗಿ ಕೆಲವು ವರ್ಷದ ಮೇಲೆ ನಿಮ್ಮ ತಾತನಿಗೆ ಲಾರಿ ಓಡಿಸುವ ಕೆಲಸ ಸಿಕ್ಕಿ ನಾವು ಹಿರಿಯೂರಿಗೆ ಬಂದೆವು. ಹೆದ್ದಾರಿ ಪಕ್ಕದ ಗ್ಯಾರೇಜುಗಳ ಸಾಲಿನ ಹಿಂದೆ ಒಂದು ಶೀಟಿನ ಮನೆ. ನಿಮ್ಮ ಅಪ್ಪ ಆಗ ಅಂಗನವಾಡಿಗೆ ಹೋಗುವ ಮಗು. ತಾತ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ನಾನು ಬಾಗಿಲು ಮುಂದಕ್ಕೆ ಹಾಕಿಕೊಂಡು ಒಳಗೇ ಇರುತ್ತಿದ್ದೆ. ಹೊರಗೆ ಬಂದರೆ ಎಲ್ಲರೂ ನನ್ನ ಎತ್ತರವನ್ನೇ ನೋಡುತ್ತಾರೆ ಎಂಬ ನಾಚಿಕೆ. ಹೆಂಗಸರಲ್ಲಿ ನಾನೇ ಉದ್ದ, ಭುಜವೂ ಅಗಲ. ಅದನ್ನು ಮುಚ್ಚಿಕೊಳ್ಳಲು ಗೂನು ಹಾಕಿ ನಡೆಯುವ ಅಭ್ಯಾಸ ಆಗಿಬಿಟ್ಟಿತ್ತು.

ಪಕ್ಕದಲ್ಲೇ ಅಕ್ಕನ ಮನೆ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಓಣಿಯಲ್ಲಿ ಎಲ್ಲರೂ ಆಕೆಯನ್ನು ಶೆಡ್ಡಿನ ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಆಕೆಯ ಗಂಡನನ್ನು ಭಾವ ಎನ್ನುತ್ತಿದ್ದೆ. ಒಡೆದ ಲಾರಿ ಮೂತಿಗಳನ್ನು, ಬಸ್ಸಿನ ಬಂಪರುಗಳನ್ನು ರೆಸಿನ್ ಹಚ್ಚಿ ಸರಿ ಮಾಡುವುದು ಅವರ ಕೆಲಸ. ಗಾಜಿನ ನಾರಿನ ಬಟ್ಟೆಯಂಥದೊಂದು ಬರುತ್ತಿತ್ತು, ಮ್ಯಾಟು ಎನ್ನುತ್ತಿದ್ದರು. ಅದನ್ನು ಒಡೆದ ಕಡೆ ಹಾಸಿ ಮೇಲೆ ರೆಸಿನ್ ಬಳಿದರೆ ಸ್ವಲ್ಪ ಹೊತ್ತಿಗೆ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಅಕ್ಕ ಸೀರೆ ಮೇಲೆ ಭಾವನ ಹಳೆಯ ಅಂಗಿ ತೊಟ್ಟುಕೊಂಡು ಅವರ ಜೊತೆಗೆ ಸಮವಾಗಿ ಕೆಲಸ ಮಾಡುತ್ತಿದ್ದಳು. ಲಾರಿ ಡ್ರೈವರುಗಳು ಏನಾದರೂ ಅಂದರೆ ಎರಡರಷ್ಟು ತಿರುಗಿ ಅನ್ನುತ್ತಿದ್ದಳು. ನಾನು ಗೋಡೆ ಈಚೆಯಿಂದ ಕೇಳಿ ಒಬ್ಬಳೇ ನಗುತ್ತಿದ್ದೆ.

ಒಂದು ದಿನ ಗೋಡೆಯ ಮೇಲಿಂದ ಆಕೆಯ ತಲೆ ಕಾಣಿಸಿತು. "ಲೇ ತಂಗೀ, ಒಳಗೆ ಕುಂತು ಮೊಟ್ಟೆಗೆ ಕಾವು ಕೊಡ್ತೀಯೇನೇ? ಬಾ ಇಲ್ಲಿ, ಕೈ ಕೆಲ್ಸ ಐತೆ."

ನಾನು ಹೋದೆ. ಬರುವುದಿಲ್ಲ ಎನ್ನಲೂ ನಾಚಿಕೆ.

ಅಂಗಳದಲ್ಲಿ ದೊಡ್ಡ ಬಾನಿಯ ತುಂಬ ಬಿಸಿನೀರು ಇತ್ತು. ಅದರ ಪಕ್ಕ ಗೋಣಿಚೀಲದ ಮೇಲೆ, ಇಲಿ ತಿಂದು ಅರ್ಧ ಉಳಿದ ಒಂದು ಎದೆಕಟ್ಟು. ಬಯಲಾಟದ ವೇಷದವರು ಎದೆ ಬೆನ್ನು ಮುಚ್ಚುವಂತೆ ತೊಡುವ ಕವಚ ಅದು. ಬಂಗಾರದ ಬೇಗಡೆ ಉದುರಿ ಒಳಗಿನ ರಟ್ಟು ಕಾಣುತ್ತಿತ್ತು. "ನಮ್ಮಪ್ಪ ಮಾಡಿದ್ದು" ಎಂದಳು ಅಕ್ಕ.

ಆಕೆಯ ತವರು ಹೊಸದುರ್ಗದ ಕಡೆಯ ಒಂದು ಹಳ್ಳಿ. ಅಲ್ಲಿ ಪಾಳೆಗಾರರ ಕಾಲದ ದಳವಾಯಿಯೊಬ್ಬನ ಕಥೆಯನ್ನು ಬಯಲಾಟವಾಗಿ ಆಡುತ್ತಿದ್ದರು. ಕಿರೀಟ, ಭುಜಕೀರ್ತಿ, ಎದೆಕಟ್ಟು ಎಲ್ಲವನ್ನೂ ಮಾಡುತ್ತಿದ್ದವರು ಆಕೆಯ ಅಪ್ಪ. ರಟ್ಟು ಕತ್ತರಿಸಿ, ಹುಣಸೆಬೀಜದ ಅಂಟಿನಿಂದ ಕಾಗದದ ಮೇಲೆ ಕಾಗದ ಹಚ್ಚಿ ಮಾಡುತ್ತಿದ್ದರಂತೆ. ಆ ಅಂಟೆಂದರೆ ಇಲಿಗಳಿಗೆ ಪ್ರಾಣ. ವರ್ಷವರ್ಷವೂ ಒಂದಷ್ಟು ಹಾಳಾಗುವುದು, ಅವರು ಮತ್ತೆ ಮಾಡುವುದು. ಈಗ ಅವರ ಕೈ ನಡುಗುತ್ತಿತ್ತು, ಕಣ್ಣಿಗೆ ಪೊರೆ ಬಂದಿತ್ತು. ಮಾಡುವವರಿಲ್ಲ, ಹೊರಗಿನಿಂದ ಬಾಡಿಗೆ ವೇಷ ತರಿಸೋಣ ಎಂದು ಊರವರು ಮಾತಾಡಿಕೊಂಡಿದ್ದರು.

"ಬಾಡಿಗೆ ತರ್ಲಿ ಬಿಡಕ್ಕ" ಎಂದೆ ನಾನು.

ಅಕ್ಕ ಕೈಯಲ್ಲಿದ್ದ ಸೌಟನ್ನು ಬಾನಿಯ ಅಂಚಿಗೆ ಬಡಿದಳು. "ಆಟ ಶುರು ಆಗೋಕೆ ಮುಂಚೆ ವೇಷ ಯಾರು ಮಾಡಿದ್ರು ಅಂತ ಮೈಕ್ನಾಗೆ ಹೇಳ್ತಾರೆ. ನಾನು ಹುಟ್ಟಿದಾಗಿಂದ ಅಲ್ಲಿ ನಮ್ಮಪ್ಪನ ಹೆಸ್ರೇ ಕೇಳಿರೋದು. ಬಾಡಿಗೆ ತಂದ್ರೆ ಯಾವುದೋ ಅಂಗಡಿ ಹೆಸ್ರು ಕೂಗ್ತಾರೆ. ನಮ್ಮಪ್ಪ ಮುಂದ್ಗಡೆ ಚಾಪೆ ಮೇಲೆ ಕುಂತು ಅದನ್ನ ಕೇಳ್ಬೇಕಾ? ಕಿವಿಯಾದ್ರೂ ಸರಿ ಐತೆ ಈಗ, ನಾಳೆ ಹೆಂಗೋ. ಅವನ ಹೆಸ್ರು ಇನ್ನೊಂದ್ ಸಲ ಮೈಕ್ನಾಗೆ ಬರ್ಬೇಕು, ಅವನು ಕೇಳ್ಬೇಕು. ಅಷ್ಟೇ ನಂಗೆ."

ಆಮೇಲೆ ಆ ಹಳೆಯ ಎದೆಕಟ್ಟನ್ನು ಬಿಸಿನೀರಿನಲ್ಲಿ ಮುಳುಗಿಸಿದಳು. ನಾನು ಬಗ್ಗಿ ನೋಡುತ್ತಿದ್ದೆ. ಅಂಟು ಬಿಟ್ಟಿತು. ಎದೆಯ ಉಬ್ಬು, ಬೆನ್ನಿನ ತಿರುವು ಎಲ್ಲವೂ ಮೆಲ್ಲಗೆ ಬಿಚ್ಚಿಕೊಂಡು ಒಂದೊಂದೇ ಚಪ್ಪಟೆ ತುಂಡಾಗಿ ತೇಲಿದವು. ಅಷ್ಟು ಹೊತ್ತು ಮನುಷ್ಯನ ಎದೆಯಂತೆ ಇದ್ದದ್ದು ಹಾಗೆ ಬಿಡಿ ರಟ್ಟಾಗಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ... ಆ ತುಂಡುಗಳನ್ನು ಬಿಸಿಲಿಗೆ ಒಣಹಾಕಿ, ಹೊಸ ರಟ್ಟಿನ ಮೇಲೆ ಇಟ್ಟು ಗೆರೆ ಎಳೆದೆವು. ಗೆರೆ ಎಳೆಯುವ ಕೆಲಸ ನನ್ನದು. ಇಲಿ ತಿಂದ ಕಡೆ ಮಾತ್ರ ಅಕ್ಕ ಕಣ್ಣು ಮುಚ್ಚಿಕೊಂಡು, ಅಪ್ಪ ಕತ್ತರಿ ತಿರುಗಿಸುತ್ತಿದ್ದುದನ್ನು ನೆನೆಸಿಕೊಂಡು ಗೆರೆ ಪೂರ್ತಿ ಮಾಡುತ್ತಿದ್ದಳು.

ರಟ್ಟನ್ನು ಮಡಿಸಿ, ಮೈದಾ ಅಂಟಿನಲ್ಲಿ ಕಾಗದದ ಪಟ್ಟಿ ಹಚ್ಚಿ ಆಕಾರ ನಿಲ್ಲಿಸಿದ ಮೇಲೆ ಆಕೆ ಅಪ್ಪನ ದಾರಿ ಬಿಟ್ಟು ಗಂಡನ ದಾರಿಗೆ ಬಂದಳು. ಹೊರಗೆಲ್ಲ ರೆಸಿನ್ ಬಳಿದಳು, ಒಳಗೆ ಮ್ಯಾಟು ಹಾಸಿ ಮತ್ತೆ ಬಳಿದಳು. ಇನ್ನು ಇಲಿ ಬಂದರೆ ಅದರ ಹಲ್ಲೇ ಮುರಿಯಬೇಕು ಎಂದಳು. ಭಾವ ಬಾಗಿಲಲ್ಲಿ ನಿಂತು ನೋಡಿ, "ಲಾರಿ ಮೂತಿಗೆ ಹಚ್ಚೋದನ್ನ ದಳವಾಯಿ ಎದೆಗೆ ಹಚ್ತಾ ಅವ್ಳೆ. ನಾಳೆ ಅವನಿಗೂ ಹೆಡ್‌ಲೈಟ್ ಕೂರಿಸ್ತಾಳೆ ನೋಡು" ಎಂದರು. ಅಕ್ಕ, "ನಿಮಗೂ ಒಂದು ಹಾರ್ನ್ ಕೂರಿಸ್ತೀನಿ ಬರ್ರಿ ಇಲ್ಲಿ" ಎಂದಳು. ಅಂಚನ್ನು ಅರದಿಂದ ಉಜ್ಜಿದ ದಿನ ಮಾತ್ರ ಇಬ್ಬರಿಗೂ ನಗು ಬರಲಿಲ್ಲ. ಆ ಗಾಜಿನ ಪುಡಿ ಮೈಗೆ ಹತ್ತಿ ಸಂಜೆಯವರೆಗೂ ಕೆರೆದುಕೊಂಡೆವು, ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಗೋಡೆ ಅತ್ತ ಒಬ್ಬಳು ಇತ್ತ ಒಬ್ಬಳು ಕೂತೆವು.

ದಳವಾಯಿಯ ಪಾತ್ರ ಮಾಡುವವನು ಆ ಊರಿನ ಕುರಿ ಸಾಕುವವರ ಮನೆಯ ಹುಡುಗ. ಅವನಿಗೆ ಹಿರಿಯೂರಿಗೆ ಬಂದು ಅಳತೆ ಕೊಡುವಷ್ಟು ಬಿಡುವಿರಲಿಲ್ಲ. ಎದೆಗೊಂದು, ಭುಜಕ್ಕೊಂದು, ಕುತ್ತಿಗೆಯಿಂದ ಸೊಂಟಕ್ಕೊಂದು ಗಂಟು ಹಾಕಿದ ಉಣ್ಣೆಯ ಹುರಿಯನ್ನು ಬಸ್ಸಿನವರ ಕೈಲಿ ಕಳಿಸಿದ್ದ. ತೊಡಿಸಿ ನೋಡಲು ಅದೇ ಅಳತೆಯವರು ಬೇಕೆಂದು ಅಕ್ಕ ಆ ಹುರಿಯನ್ನು ಭಾವನ ಮೇಲೆ ಹಿಡಿದಳು, ಹೊಟ್ಟೆ ಅಡ್ಡ ಬಂತು. ತನ್ನ ಮೇಲೆ ಹಿಡಿದಳು, ಹುರಿಯೇ ಉದ್ದವಾಯಿತು. ಆಮೇಲೆ ನನ್ನ ಕಡೆ ತಿರುಗಿದಳು.

"ನಾನು ಒಲ್ಲೆ ಅಕ್ಕ" ಎಂದೆ.

"ಯಾಕಂಗೆ ಮುದುಡಿಕೊಂತೀಯ? ನಿಂದು ದಳವಾಯಿ ಬೆನ್ನು ಕಣೇ. ದೇವ್ರು ಕೊಟ್ಟಿದ್ದನ್ನ ಸೆರಗಿನಾಗೆ ಬಚ್ಚಿಡಬ್ಯಾಡ. ನೆಟ್ಟಗೆ ನಿಂತ್ಕೊ."

ಭಾವನನ್ನು ಹೊರಗೆ ಕಳಿಸಿ, ಶೆಡ್ಡಿನ ಬಾಗಿಲು ಹಾಕಿ ಎದೆಕಟ್ಟನ್ನು ನನಗೆ ತೊಡಿಸಿದಳು. ಭುಜದಿಂದ ಸೊಂಟದ ಕೆಳಗಿನವರೆಗೆ ಒಂದೇ ತುಂಡು, ಅವರಪ್ಪ ಮಾಡಿದಂತೆಯೇ. ಬಣ್ಣ ಇನ್ನೂ ಬಳಿದಿರಲಿಲ್ಲ. ತೊಟ್ಟ ಮೇಲೆ ಗೂನು ಹಾಕಲು ಹೋದೆ, ಆಗಲಿಲ್ಲ. ಬೆನ್ನು ನೆಟ್ಟಗೆ, ತಲೆ ಮೇಲಕ್ಕೆ. ಅಕ್ಕ ಕೈ ಎತ್ತು ಎಂದಳು, ಎತ್ತಿದೆ. ತಿರುಗು ಎಂದಳು, ತಿರುಗಿದೆ. ಉಸಿರು ಬಿಗಿಹಿಡಿದು ಬಿಡು ಎಂದಳು. ಗೋಡೆಗೆ ಒರಗಿಸಿದ್ದ ಲಾರಿಯ ಗಾಜಿನಲ್ಲಿ ನನ್ನ ನೆರಳು ಕಂಡಿತು. ಅಷ್ಟು ದಿನ ಹಿರಿಯೂರಿನಲ್ಲಿದ್ದು ನಾನು ಅಷ್ಟು ನೆಟ್ಟಗೆ ನಿಂತದ್ದು ಅದೇ ಮೊದಲು. ಅಕ್ಕ ಸುತ್ತ ಬಂದು ಅಂಚುಗಳನ್ನೆಲ್ಲ ಎಳೆದು ನೋಡಿದಳು. ಕೈ ಎತ್ತಿ ನೋಡಿದ್ದೆವು, ತಿರುಗಿ ನೋಡಿದ್ದೆವು. ಬಗ್ಗಿ ನೋಡಬೇಕೆಂದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ.

ಆಟದ ದಿನ ನಾನೂ ಹೋದೆ. ನಿಮ್ಮ ತಾತ ಊರಲ್ಲಿದ್ದರು, ಮಗುವನ್ನು ನೋಡಿಕೊಳ್ಳುತ್ತೇನೆ, ಹೋಗಿ ಬಾ ಎಂದರು. ಎದೆಕಟ್ಟನ್ನು ಹಳೆಯ ಸೀರೆಯಲ್ಲಿ ಸುತ್ತಿ, ಹೊಸದುರ್ಗದ ಬಸ್ಸಿನಲ್ಲಿ ನಮ್ಮಿಬ್ಬರ ನಡುವೆ ಕೂರಿಸಿಕೊಂಡೆವು. ಕಂಡಕ್ಟರ್ ಬಂದು, "ಇವರ ಟಿಕೆಟ್ ಯಾರು ತಗಂತೀರಮ್ಮ?" ಎಂದ. ಅಕ್ಕ, "ತಲೆ ಇಲ್ಲದೋರಿಗೆ ಟಿಕೆಟ್ ಇಲ್ಲ ಕಣಪ್ಪ, ಇದ್ದಿದ್ರೆ ನೀನೂ ತಗಬೇಕಿತ್ತು" ಎಂದಳು. ಬಸ್ಸೆಲ್ಲ ನಕ್ಕಿತು. ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡೆ.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ವೇಷ ಕಟ್ಟಿದವನು ಆಟ ಆಡುವ ಅಟ್ಟ ಹತ್ತುವ ಮುಂಚೆ, ಅದರ ಹಲಗೆಗೆ ಹಣೆ ಮುಟ್ಟಿಸಬೇಕು. ಹೊಸ ವೇಷವಾದರೆ ಅದನ್ನು ಮಾಡಿದವರೋ ಮನೆಯ ಹಿರಿಯರೋ ಪಕ್ಕದಲ್ಲಿ ನಿಂತು ನೋಡಬೇಕು. ಹಣೆ ಮುಟ್ಟಿದರೆ ವೇಷ ಒಪ್ಪಿತವಾದಂತೆ. ಅದಾದ ಮೇಲೆ ಮೈಕಿನಲ್ಲಿ ಹೆಸರು ಹೇಳುವುದು.

ಹೊತ್ತು ಇಳಿಯುತ್ತಿತ್ತು. ಅಟ್ಟದ ಮುಂದೆ ಜನ ಚಾಪೆ ಹಾಸಿಕೊಂಡು ಕೂತಿದ್ದರು. ಬಂಗಾರದ ಬಣ್ಣ ಬಳಿದು, ಕನ್ನಡಿ ಚೂರು ಕೂರಿಸಿದ ಎದೆಕಟ್ಟು ತೊಟ್ಟು ಆ ಹುಡುಗ ಬಂದಾಗ ಮಕ್ಕಳೆಲ್ಲ ಎದ್ದು ನಿಂತರು. ಅಷ್ಟು ಚೆನ್ನಾಗಿ ಕೂತಿತ್ತು. ಅಕ್ಕನ ಅಪ್ಪನನ್ನು ಕೈ ಹಿಡಿದು ತಂದು ಪಕ್ಕದಲ್ಲಿ ನಿಲ್ಲಿಸಿದರು. ಬಿಳಿ ಪಂಚೆಯ ಸಣಕಲು ಮುದುಕರು, ಕೋಲು ಊರಿಕೊಂಡಿದ್ದರು.

ಹುಡುಗ ಬಗ್ಗಲು ಹೋದ. ಬಗ್ಗಲಿಲ್ಲ. ಕೆಳಗಿನ ಅಂಚು ತೊಡೆಗೆ ಒತ್ತಿತು, ಮೇಲಿನ ಅಂಚು ಗದ್ದಕ್ಕೆ ಬಂತು. ಮಂಡಿ ಊರಿ ನೋಡಿದ, ಪಕ್ಕಕ್ಕೆ ವಾಲಿ ನೋಡಿದ. ಹುಣಸೆ ಅಂಟಿನ ರಟ್ಟು ಸೊಂಟದ ಹತ್ತಿರ ಮೆತ್ತಗೆ ಬಾಗುತ್ತಿತ್ತು. ರೆಸಿನ್ ಬಾಗುವುದಿಲ್ಲ.

"ಏನಪ್ಪ ದಳವಾಯಿ, ಗಳ ನುಂಗಿದೀಯೇನು?" ಎಂದು ಯಾರೋ ಕೂಗಿದರು. ಜನ ನಕ್ಕರು. ಆಟ ಕಲಿಸಿದ ಮೇಷ್ಟ್ರು, "ಹೋಗ್ಲಿ ಬಿಡ್ರಿ, ಕೈಯಾಗೆ ಮುಟ್ಟಿ ಹತ್ಲಿ" ಎಂದರು.

ಮುದುಕರು ತಲೆ ಅಲ್ಲಾಡಿಸಿದರು. "ಬಗ್ಗದೇ ಇರೋನು ಹತ್ತಂಗಿಲ್ಲ. ಬಿಚ್ಚಿಡು ಮಗಾ. ಶಾಲು ಹೊದ್ಕೊಂಡು ಹತ್ತು."

ನಾನು ಅಕ್ಕನ ಮುಖ ನೋಡಿದೆ. ಶಾಲು ಹೊದ್ದು ಹತ್ತಿದರೆ ವೇಷವೇ ಇಲ್ಲ, ಹೇಳುವುದಕ್ಕೆ ಹೆಸರೂ ಇಲ್ಲ. ಆಕೆ ನೇರವಾಗಿ ಮೈಕ್ ಸೆಟ್ಟಿನವನ ಹತ್ತಿರ ಹೋಗಿ ಕಬ್ಬಿಣ ಕೊಯ್ಯುವ ಬ್ಲೇಡು ಈಸಿಕೊಂಡಳು. ಅಟ್ಟದ ಹಿಂದೆ ಹುಡುಗನಿಂದ ಎದೆಕಟ್ಟು ಬಿಚ್ಚಿಸಿ, ನಾನು ಎರಡು ಕೈಯಲ್ಲಿ ಒತ್ತಿ ಹಿಡಿದುಕೊಂಡರೆ ಆಕೆ ಸೊಂಟದ ಸುತ್ತ ಕೊಯ್ಯತೊಡಗಿದಳು. ತಿಂಗಳುಗಟ್ಟಲೆ ಮಾಡಿದ್ದನ್ನು ಹಾಗೆ ಕೊಯ್ಯುವಾಗ ಆಕೆ ಒಮ್ಮೆಯೂ ಬ್ಲೇಡು ನಿಲ್ಲಿಸಲಿಲ್ಲ, ನಾನೇ ಮುಖ ಪಕ್ಕಕ್ಕೆ ತಿರುಗಿಸಿದೆ. ಎರಡು ಭಾಗವಾಯಿತು. ಮೊಳೆ ಕಾಯಿಸಿ ಎರಡೂ ಅಂಚಿಗೆ ಸಾಲಾಗಿ ತೂತು ಹಾಕಿದಳು. ಈಗ ಪೋಣಿಸಲು ಗಟ್ಟಿ ದಾರ ಬೇಕು. ಹೂವಿನ ದಾರ ತಂದರು, ಕಿತ್ತುಹೋಯಿತು. ಹಗ್ಗ ತಂದರು, ತೂತಿನಲ್ಲಿ ತೂರಲಿಲ್ಲ. ಅಟ್ಟದ ಮುಂದೆ ಜನ ಸಿಳ್ಳೆ ಹಾಕುತ್ತಿದ್ದರು.

ಅಕ್ಕ ನನ್ನ ಕಡೆ ನೋಡಿದಳು. ಆಮೇಲೆ ನನ್ನ ಕೈಚೀಲದ ಕಡೆ.

"ಬದ್ಲಿ ಲಂಗ ತಂದಿದೀಯಲ್ಲ, ಅದರ ಲಾಡಿ ಎಳಿಯೇ."

"ಅಕ್ಕಾ, ಇಷ್ಟು ಗಂಡಸರ ಮುಂದೆ..."

"ಸೆರಗಿನಾಗೆ ಎಳಿ. ಯಾರೂ ನೋಡಲ್ಲ."

ಹಿಂದಕ್ಕೆ ತಿರುಗಿ ನಿಂತು ಸೆರಗಿನ ಮರೆಯಲ್ಲಿ ಎಳೆದುಕೊಟ್ಟೆ. ಬಿಳಿ ಲಾಡಿ ಎದ್ದು ಕಾಣುತ್ತದೆಂದು ಪೂಜೆ ತಟ್ಟೆಯ ಅರಿಸಿನ ಉಜ್ಜಿ ಹಳದಿ ಮಾಡಿದಳು. ಎರಡು ಭಾಗವನ್ನೂ ಸಡಿಲವಾಗಿ ಪೋಣಿಸಿ ಕಟ್ಟಿದಳು. ತೊಡಿಸುವಾಗ ಹುಡುಗ, "ಇದೇನಕ್ಕ ದಾರ, ಚೆನ್ನಾಗೈತೆ" ಎಂದ. "ರೇಷ್ಮೆ ಹುರಿ ಕಣಪ್ಪ, ಹಿರಿಯೂರಿಂದ ತಂದಿದ್ದು" ಎಂದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಈ ಸಲ ಅವನು ಬಗ್ಗಿದ. ಹಣೆ ಹಲಗೆಗೆ ಮುಟ್ಟಿತು.

ಮುದುಕರು ಕೋಲನ್ನು ಯಾರದೋ ಕೈಗೆ ಕೊಟ್ಟು, ಎರಡೂ ಕೈಯಿಂದ ಎದೆಕಟ್ಟನ್ನು ಮುಟ್ಟಿ ನೋಡಿದರು. ಭುಜದಿಂದ ಇಳಿದು, ಎದೆಯ ಉಬ್ಬಿನ ಮೇಲೆ ಬೆರಳಾಡಿಸಿ, ಉಗುರಿನಿಂದ ಟಕಟಕ ಬಡಿದು, ಕೊನೆಗೆ ಲಾಡಿಯ ಹತ್ತಿರ ಬೆರಳು ನಿಲ್ಲಿಸಿದರು. ಬಾಯಲ್ಲಿ ಏನೋ ಅಂದುಕೊಂಡರು. ಮೇಷ್ಟ್ರು ಆಗಲೇ ಮೈಕ್ ಹಿಡಿದು ಅವರ ಹೆಸರು ಹೇಳಲು ಗಂಟಲು ಸರಿ ಮಾಡಿಕೊಂಡಿದ್ದರು. ಅಕ್ಕ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು.

"ಮೇಷ್ಟ್ರೇ, ತಡೀರಿ" ಎಂದರು ಮುದುಕರು. "ನನ್ನ ಹೆಸ್ರು ಹೇಳಬ್ಯಾಡ್ರಿ. ನಾನು ಮಾಡಿದ್ದು ಇಲಿ ತಿಂದಾತು. ಇದು ನಂದಲ್ಲ."

"ಅಪ್ಪಯ್ಯಾ, ಆಕಾರ ನಿಂದೇ. ನಿಂದನ್ನೇ ಬಿಚ್ಚಿ ಗೆರೆ ಎಳಕೊಂಡಿದ್ದು" ಎಂದಳು ಅಕ್ಕ.

"ಆಕಾರ ನಮ್ಮಪ್ಪಂದು. ಅವನೂ ಯಾರ ಹತ್ರನೋ ಕಲ್ತಿದ್ದ. ಅಂಟು ಯಾರು ಹಚ್ಚಿದ್ರೋ ಅವರ ಹೆಸ್ರು ಹೇಳೋದು ಕಣವ್ವ."

ಮೇಷ್ಟ್ರಿಗೆ ದಿಕ್ಕು ತೋಚಲಿಲ್ಲ. ಮದುವೆಯಾಗಿ ಹೋದ ಹೆಣ್ಣುಮಗಳ ಹೆಸರನ್ನು ಮೈಕಿನಲ್ಲಿ ಹೇಳಿ ಅವರಿಗೆ ರೂಢಿಯಿರಲಿಲ್ಲ. ಕೊನೆಗೆ, "ಇವತ್ತಿನ ವೇಷ ನಮ್ಮೂರ ಮಗಳು ಮಾಡಿದ್ದು" ಎಂದರು. ಜನವೆಲ್ಲ ತಿರುಗಿ ನೋಡಿತು. ಲಾರಿ ಡ್ರೈವರುಗಳಿಗೆ ಬೈದು ಓಡಿಸುತ್ತಿದ್ದ ಅಕ್ಕ ಅಂದು ನನ್ನ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ನಾನು ಮುದುಡದೆ ನಿಂತೆ, ಆಕೆಗೆ ಮರೆಯಾಗಲಿ ಎಂದು.

ಮರುದಿನ ಬಸ್ಸಿನಲ್ಲಿ ಆಕೆ ಕಿಟಕಿಯ ಕಡೆ ತಿರುಗಿ ಕೂತಳು. ಎಷ್ಟು ಹೆಮ್ಮೆಯಾಗಿರಬೇಕು ಎಂದುಕೊಂಡು ನಾನೇ, "ಎಲ್ರೂ ನಿನ್ನೇ ನೋಡಿದ್ರಕ್ಕ" ಎಂದೆ. ಆಕೆಯ ಕಣ್ಣು ತುಂಬಿತ್ತು.

"ನಂಗೆ ಬೇಕಿದ್ದಿದ್ದು ನಮ್ಮಪ್ಪನ ಹೆಸ್ರು ಕಣೇ. ಒಂದ್ ಸಲ ಕೂಗಿಸ್ಕಂಡಿದ್ರೆ ಅವನ ಗಂಟೇನು ಹೋಗ್ತಿತ್ತು?"

ಅವಳಪ್ಪ ಮುಂದಿನ ಸುಗ್ಗಿ ಕಾಣಲಿಲ್ಲ. ಆ ಮೇಲೆ ಆ ಊರಿನಲ್ಲಿ ಆಟವೂ ನಿಂತಿತು, ಕಲಿಯುವ ಹುಡುಗರು ಕಡಿಮೆಯಾದರಂತೆ. ಅವರ ಹೆಸರು ಮೈಕಿನಲ್ಲಿ ಮತ್ತೆ ಬರಲಿಲ್ಲ.

ಆದರೆ ಸುದ್ದಿ ಹಬ್ಬಿ, ಹಿರಿಯೂರಿನ ಶಾಲೆಗಳವರು ವಾರ್ಷಿಕೋತ್ಸವಕ್ಕೆ ಕಿರೀಟ ಬೇಕು, ಕವಚ ಬೇಕು ಎಂದು ಶೆಡ್ಡಿಗೆ ಬರತೊಡಗಿದರು. ನಾವಿಬ್ಬರೂ ಮಾಡಿಕೊಟ್ಟೆವು. ಈಗ ಪ್ರತಿಯೊಂದಕ್ಕೂ ಸೊಂಟದಲ್ಲಿ ಕೊಯ್ದು ಹುರಿ ಪೋಣಿಸುತ್ತಿದ್ದೆವು. ನಿಮ್ಮ ಅಪ್ಪನೂ ಒಂದು ವರ್ಷ ಅದನ್ನು ತೊಟ್ಟು ಸೈನಿಕನಾಗಿ ಮೂಲೆಯಲ್ಲಿ ನಿಂತಿದ್ದ. ಅಕ್ಕನ ಕೈಕೆಲಸ ನೋಡಿದವರು ಯಾರು ಮಾಡಿದ್ದು ಎಂದು ಕೇಳಿಯೇ ಕೇಳುತ್ತಿದ್ದರು. ಶಾಲೆಯ ಮೇಡಂ ಕೇಳಲಿ, ಗ್ಯಾರೇಜಿನವರು ಕೇಳಲಿ, ರೆಸಿನ್ ಮೆತ್ತಿದ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತ ಅಕ್ಕ ಅಪ್ಪನ ಹೆಸರು ಹೇಳುತ್ತಿದ್ದಳು. ಪೂರ್ತಿ ಹೆಸರು, ಊರಿನ ಸಮೇತ, ಮೈಕಿನಲ್ಲಿ ಹೇಳುವ ಹಾಗೆ ಗಟ್ಟಿಯಾಗಿ. ಒಬ್ಬರು ಅವರನ್ನು ನೋಡಬಹುದೇ ಎಂದರು. "ಹೊಲದ ಕಡೆ ಹೋಗವ್ರೆ" ಎಂದಳು. ನಾನು ತಲೆ ತಗ್ಗಿಸಿ ರಟ್ಟು ಕತ್ತರಿಸುತ್ತಿದ್ದೆ. ಆಮೇಲೆ ಮೆತ್ತಗೆ, "ಅಂಟು ಹಚ್ಚಿದ್ದು ನೀನಲ್ಲೇನಕ್ಕ?" ಎಂದೆ. "ನಮ್ಮಪ್ಪ ತನ್ನ ಮಾತು ತಾನು ನಡೆಸ್ಕಂಡ. ನಂದು ನಾನು ನಡೆಸ್ಕಂತೀನಿ" ಎಂದಳು. ಕಡೆಯವರೆಗೂ ಹಾಗೇ ನಡೆಸಿದಳು.

ಹೆದ್ದಾರಿ ಅಗಲ ಮಾಡುವಾಗ ಗ್ಯಾರೇಜಿನ ಸಾಲೆಲ್ಲ ಹೋಯಿತು. ಅಕ್ಕನ ಮನೆಯವರು ಚಿಕ್ಕಜಾಜೂರಿನ ಕಡೆ ಹೋದರು, ನಾವು ಚಿತ್ರದುರ್ಗಕ್ಕೆ ಬಂದೆವು. ಮೊದಮೊದಲು ಯಾರಾದರೂ ಆ ಕಡೆಯಿಂದ ಬಂದರೆ ಸುದ್ದಿ ಸಿಗುತ್ತಿತ್ತು, ಆಮೇಲೆ ಅದೂ ಇಲ್ಲ... ನಿಮ್ಮ ತಾತ ತೀರಿಕೊಂಡಾಗ ಆಕೆ ಬಂದಾಳೆಂದು ಬಾಗಿಲ ಕಡೆ ನೋಡಿದ್ದೆ. ಎಷ್ಟೋ ದಿನದ ಮೇಲೆ ಒಂದು ಮದುವೆಯಲ್ಲಿ ಭಾವನ ಕಡೆಯವರು ಸಿಕ್ಕಿ ಹೇಳಿದರು. ಆಕೆ ತಾತನಿಗಿಂತ ಮೊದಲೇ ಹೋಗಿದ್ದಳಂತೆ. ನನಗೆ ತಿಳಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ನಾನು ಆಕೆಗೆ ನೆಂಟಳಲ್ಲವಲ್ಲ.

ಆಕೆಯ ಫೋಟೊ ನನ್ನ ಹತ್ತಿರ ಒಂದೂ ಇಲ್ಲ. ಆಕೆಯ ಹೆಸರನ್ನು ಇಲ್ಲಿ ಬರೆಯಲು ಹೋಗಿ ಪೆನ್ನು ನಿಲ್ಲಿಸಿದೆ. ಬರೆದರೆ ಗೋಡೆಯ ಮೇಲಿಂದ ತಲೆ ಎತ್ತಿ ಬೈದಾಳು ಎಂಬ ಅಂಜಿಕೆ ಈಗಲೂ ಇದೆ. ಆಕೆ ಕೇಳಿದವರಿಗೆಲ್ಲ ಹೇಳುತ್ತಿದ್ದದ್ದು ಅಪ್ಪನ ಹೆಸರನ್ನೇ. ಅದನ್ನು ನೀವು ಬಂದಾಗ ಬಾಯಲ್ಲೇ ಹೇಳುತ್ತೇನೆ, ಗಟ್ಟಿಯಾಗಿಯೇ ಹೇಳುತ್ತೇನೆ.

ಮಕ್ಕಳೇ, ನಾನು ಬರೆದದ್ದು ಇಷ್ಟೇ. ಈ ಹಾಳೆಗಳನ್ನು ಎಲ್ಲೋ ಬಿಸಾಡಬೇಡಿ, ನಿಮ್ಮ ಬಟ್ಟೆಯ ಬೀರುವಿನಲ್ಲಿ ಮೇಲಿನ ಖಾನೆಯಲ್ಲಿ ಇಟ್ಟುಕೊಳ್ಳಿ. ಆಕೆ ಇದ್ದಳು ಎಂದು ಹೇಳುವುದಕ್ಕೆ ನನಗೆ ಗೊತ್ತಿರುವಂತೆ ಇವಿಷ್ಟೇ ಉಳಿದಿವೆ.